ಟೆಂಡರ್ ಕರೆಯದ ಖರೀದಿ: ಕಡತದಲ್ಲಿ ಏನಿರಬೇಕು, ಜನರಿಗೆ ಏನು ಸಿಗಬೇಕು

ಸರ್ಕಾರಿ ಕಚೇರಿಗಳು ಟೆಂಡರ್ ಕರೆಯದೆ ನೇರವಾಗಿ ಮಾಡುವ ಖರೀದಿಗಳ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು, ಊರು, ಕಚೇರಿಗಳನ್ನು ಬಿಟ್ಟಿದ್ದೇನೆ. ಅವರಲ್ಲಿ ಕೆಲವರು ಇನ್ನೂ ಸೇವೆಯಲ್ಲಿದ್ದಾರೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಕಳೆದ ವರ್ಷ ಒಂದು ಯಂತ್ರ ಬಂತು. ಟೆಂಡರ್ ಕರೆದ ಸುದ್ದಿ ಎಲ್ಲಿಯೂ ಇರಲಿಲ್ಲ. ವಿಚಾರಿಸಿದಾಗ, ‘ಅದಕ್ಕೆ 4(ಜಿ) ವಿನಾಯಿತಿ ಸಿಕ್ಕಿದೆ, ಹಾಗಾಗಿ ಅದರ ಕಾಗದಪತ್ರಗಳನ್ನು ಹೊರಗೆ ಕೊಡುವಂತಿಲ್ಲ’ ಎಂದರು. ಇದು ನಿಜವೇ? (ಒಬ್ಬ ನಿವೃತ್ತ ಶಿಕ್ಷಕರು)

ಉತ್ತರ: ಅವರು ಹೇಳಿದ ಮಾತಿನ ಮೊದಲರ್ಧ ನಿಜವಿರಬಹುದು, ಎರಡನೆಯ ಅರ್ಧಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999, ಅಂದರೆ ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎಂದು ಕರೆಯುವ ಕಾಯ್ದೆ, ಸರ್ಕಾರಿ ಖರೀದಿ ಟೆಂಡರ್ ಮೂಲಕವೇ ಆಗಬೇಕೆಂದು ಹೇಳಿ, 4ನೆಯ ಪ್ರಕರಣದಲ್ಲಿ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿಯ ಅವಧಿಯ ಖರೀದಿಗೆ 4(ಎ). ಒಂದೇ ಮೂಲದಿಂದ ಮಾತ್ರ ಸಿಗುವ, ಸರಿಯಾದ ಪರ್ಯಾಯವಿಲ್ಲದ ಸರಕು ಅಥವಾ ಸೇವೆಗೆ 4(ಬಿ). ಸರ್ಕಾರ ಕಾಲಕಾಲಕ್ಕೆ ಅಧಿಸೂಚನೆ ಹೊರಡಿಸಿ ಹೆಸರಿಸುವ ನಿರ್ದಿಷ್ಟ ಖರೀದಿಗಳಿಗೆ 4(ಜಿ). ಇನ್ನೂ ಕೆಲವು ಖಂಡಗಳಿವೆ, ಆದರೆ ಜಗಳ ಹುಟ್ಟುವುದು ಹೆಚ್ಚಾಗಿ ಈ ಮೂರರ ಸುತ್ತಲೇ.

ಈ ವಿನಾಯಿತಿ ಯಾವುದರಿಂದ ಎಂಬುದನ್ನು ಗಮನಿಸಿ. ಅದು ಟೆಂಡರ್ ಪ್ರಕ್ರಿಯೆಯಿಂದ ಮಾತ್ರ. ಖರ್ಚಾದ ಹಣ ಸಾರ್ವಜನಿಕ ಹಣವಾಗಿಯೇ ಉಳಿಯುತ್ತದೆ, ಕಡತ ಸಾರ್ವಜನಿಕ ಪ್ರಾಧಿಕಾರದ ವಶದಲ್ಲಿರುವ ದಾಖಲೆಯಾಗಿಯೇ ಉಳಿಯುತ್ತದೆ, ಮಾಹಿತಿ ಹಕ್ಕು ಅಧಿನಿಯಮ, 2005 ಅದಕ್ಕೆ ಪೂರ್ತಿಯಾಗಿ ಅನ್ವಯಿಸುತ್ತದೆ. ಆ ಅಧಿನಿಯಮದ 22ನೆಯ ಪ್ರಕರಣದ ಪ್ರಕಾರ ಬೇರೆ ಕಾನೂನುಗಳಲ್ಲಿ ಅದಕ್ಕೆ ಅಸಂಗತವಾದದ್ದು ಏನಿದ್ದರೂ ಮಾಹಿತಿ ಹಕ್ಕಿನ ಉಪಬಂಧಗಳೇ ಮೇಲುಗೈ ಪಡೆಯುತ್ತವೆ. ಇಲ್ಲಂತೂ ಅಸಂಗತವಾದದ್ದೂ ಏನಿಲ್ಲ. ಮೇಲಾಗಿ 4(ಜಿ) ವಿನಾಯಿತಿ ಹುಟ್ಟುವುದೇ ಅಧಿಸೂಚನೆಯಿಂದ, ಅಧಿಸೂಚನೆ ಎಂದರೆ ರಾಜ್ಯಪತ್ರದಲ್ಲಿ ಅಚ್ಚಾಗುವ ಸಂಗತಿ. ಅಚ್ಚು ಹಾಕಿ ಊರಿಗೆಲ್ಲ ಸಾರಿದ್ದನ್ನು ಗುಟ್ಟು ಎನ್ನುವುದು ಹೇಗೆ? ಮೊದಲು ಆ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಕೇಳಿ. ಅದರಲ್ಲಿ ಯಾವ ವಸ್ತು, ಯಾವ ಪ್ರಮಾಣ, ಯಾವ ಸಂಸ್ಥೆ ಎಂದು ಬರೆದಿದೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಅದೇ ಅಧಿಸೂಚನೆಯ ನೆರಳಲ್ಲಿ ಮತ್ತೆರಡು ವಸ್ತುಗಳನ್ನು ಸೇರಿಸಿ ಕೊಂಡಿದ್ದರೆ ಆ ಎರಡಕ್ಕೆ ರಕ್ಷಣೆಯಿಲ್ಲ.

ಪ್ರಶ್ನೆ: ನಾನು ಒಂದು ಇಲಾಖೆಯಲ್ಲಿ ಖರೀದಿ ಶಾಖೆಯ ವಿಷಯ ನಿರ್ವಾಹಕಿ. ಟೆಂಡರ್ ಇಲ್ಲದೆ ಒಂದೇ ಸಂಸ್ಥೆಯಿಂದ ಕೊಳ್ಳುವ ಪ್ರಸ್ತಾವನೆಗೆ ಟಿಪ್ಪಣಿ ಬರೆಯಬೇಕಾಗಿದೆ. ‘ಹಳೆಯ ಕಡತ ನೋಡಿ ಅದರಂತೆಯೇ ಬರೆಯಿರಿ’ ಎನ್ನುತ್ತಾರೆ. ಹಳೆಯ ಕಡತದಲ್ಲಿ ನಾಲ್ಕು ಸಾಲುಗಳಿವೆ. ಅಷ್ಟು ಸಾಕೇ?

ಉತ್ತರ: ಸಾಲದು. ನಿಮ್ಮ ಪತ್ರ ಓದಿದಾಗ, ನಾನು ಲೆಕ್ಕಪತ್ರ ಶಾಖೆಯಲ್ಲಿದ್ದ ಕಾಲದಲ್ಲಿ ನನ್ನ ಮೇಜಿಗೆ ಬಂದಿದ್ದ ಒಂದು ಕಡತ ನೆನಪಾಯಿತು. ಟಿಪ್ಪಣಿ ಹಾಳೆಯಲ್ಲಿ ಒಂದೇ ವಾಕ್ಯವಿತ್ತು: ‘ಸದರಿ ಉಪಕರಣವು ಅತ್ಯಗತ್ಯವಾಗಿದ್ದು, ಸದರಿ ಸಂಸ್ಥೆಯವರು ಏಕೈಕ ಸರಬರಾಜುದಾರರಾಗಿರುವುದರಿಂದ ಅನುಮೋದನೆಗಾಗಿ ಮಂಡಿಸಿದೆ.’ ಅದರ ಕೆಳಗೆ ಮೂರು ಸಹಿ. ಏಕೈಕ ಎನ್ನಲು ಆಧಾರ ಹುಡುಕಿದರೆ, ಪತ್ರವ್ಯವಹಾರದ ಭಾಗದಲ್ಲಿ ಸಿಕ್ಕಿದ್ದು ಆ ಸಂಸ್ಥೆಯೇ ತನ್ನ ತಲೆಪತ್ರದಲ್ಲಿ ಬರೆದುಕೊಟ್ಟ ಒಂದು ಪುಟ. ಆ ಪುಟವನ್ನು ಸರಿಯಾಗಿ ಓದಿದರೆ, ತಾವು ಈ ರಾಜ್ಯದಲ್ಲಿ ಆ ಕಂಪನಿಯ ಏಕೈಕ ಅಧಿಕೃತ ಮಾರಾಟಗಾರರು ಎಂದಷ್ಟೇ ಅವರು ಹೇಳಿದ್ದರು. ಆ ಬಗೆಯ ಉಪಕರಣ ಮಾಡುವ ಕಂಪನಿಗಳು ಬೇರೆ ಇದ್ದವು. ‘ಈ ಕಂಪನಿಯ ಸರಕನ್ನು ಮಾರುವವನು ನಾನೊಬ್ಬನೇ’ ಎನ್ನುವುದಕ್ಕೂ ‘ಈ ಕೆಲಸಕ್ಕೆ ಒದಗುವ ಸರಕು ಇದೊಂದೇ’ ಎನ್ನುವುದಕ್ಕೂ ಇರುವ ಅಂತರವನ್ನು ಮೂರು ಸಹಿಗಳಲ್ಲಿ ಒಂದೂ ಗಮನಿಸಿರಲಿಲ್ಲ. ಇನ್ನೊಂದು ಸಂಗತಿ: ಸಂಸ್ಥೆಯ ಪತ್ರ, ಕಚೇರಿಯ ಟಿಪ್ಪಣಿ, ಖರೀದಿ ಆದೇಶ ಮೂರಕ್ಕೂ ಒಂದೇ ದಿನಾಂಕವಿತ್ತು, ಸರಕು ಬಂದದ್ದು ಮಾತ್ರ ಅದಕ್ಕಿಂತ ಒಂಬತ್ತು ದಿನ ಮೊದಲು. ದಾಸ್ತಾನು ವಹಿಯನ್ನು ನೋಡಿಕೊಳ್ಳುತ್ತಿದ್ದವರು ಪ್ರಾಮಾಣಿಕರು; ಸರಕು ಇಳಿದ ದಿನವೇ ನಮೂದಿಸಿಬಿಟ್ಟಿದ್ದರು.

ಟೆಂಡರ್ ಕರೆದಾಗ ಕಡತ ತಾನಾಗಿಯೇ ಸಾಕ್ಷಿಗಳನ್ನು ಕೂಡಿಸಿಕೊಳ್ಳುತ್ತದೆ: ಪ್ರಕಟಣೆ, ಬಂದ ದರಗಳು, ಹೋಲಿಕೆಯ ತಃಖ್ತೆ, ತಿರಸ್ಕೃತರಾದವರ ತಕರಾರು. ನೇರ ಖರೀದಿಯಲ್ಲಿ ಇವು ಯಾವುವೂ ಇರುವುದಿಲ್ಲವಾದ್ದರಿಂದ ನೀವು ಬರೆಯುವ ಕಾರಣವೊಂದೇ ಅಲ್ಲಿ ಸಾಕ್ಷಿ. ಹಾಗಾಗಿ ಟೆಂಡರ್ ಕಡತಕ್ಕಿಂತ ಈ ಕಡತವೇ ದಪ್ಪವಾಗಿರಬೇಕು ಎಂಬುದು ನನ್ನ ಅಭಿಪ್ರಾಯ; ನಮ್ಮಲ್ಲಿ ನಡೆಯುವುದು ತದ್ವಿರುದ್ಧ.

ಮೊದಲು ಬೇಡಿಕೆ ಬರೆಯಿರಿ: ಯಾರು ಕೇಳಿದರು, ಯಾವಾಗ, ಯಾವ ಕೆಲಸಕ್ಕೆ. ಬೇಡಿಕೆಯಲ್ಲಿಯೇ ಕಂಪನಿಯ ಹೆಸರೋ ಮಾದರಿ ಸಂಖ್ಯೆಯೋ ಬಂದಿದ್ದರೆ, ಕೆಲಸದ ಅಗತ್ಯವನ್ನು ಬೇರ್ಪಡಿಸಿ ಬರೆದುಕೊಡಿ ಎಂದು ಕಡತವನ್ನು ಹಿಂದಿರುಗಿಸಿ. ಮುಂದೆ, ಬೇರೆ ಯಾವ ಪರ್ಯಾಯಗಳನ್ನು ನೋಡಲಾಯಿತು, ಅವು ಏಕೆ ಒದಗಲಿಲ್ಲ ಎಂಬುದು ಬೇಕು. ‘ಪರಿಶೀಲಿಸಲಾಗಿದೆ’ ಎಂಬ ಪದ ಉತ್ತರವಲ್ಲ, ಯಾರು ಯಾವಾಗ ಏನನ್ನು ಪರಿಶೀಲಿಸಿದರು ಎಂಬುದು ಉತ್ತರ. 4(ಬಿ) ಅಡಿಯಲ್ಲಿ ಹೋಗುವುದಾದರೆ ಏಕಮೂಲ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಕಾಯ್ದೆಯೇ ಮೂವರು ತಜ್ಞರ ಸಮಿತಿಯನ್ನು ವಿಧಿಸಿದೆ: ಖರೀದಿಸುವ ಸಂಸ್ಥೆಯ ಒಬ್ಬ ತಾಂತ್ರಿಕ ಪ್ರತಿನಿಧಿ, ಅಂಥದ್ದೇ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯ ಒಬ್ಬ ತಾಂತ್ರಿಕ ಪ್ರತಿನಿಧಿ, ಮತ್ತು ಆ ವಿಷಯದಲ್ಲಿ ಪರಿಣತಿಯುಳ್ಳ ಹೆಸರಾಂತ ಶೈಕ್ಷಣಿಕ, ಸಂಶೋಧನಾ ಅಥವಾ ವಾಣಿಜ್ಯೇತರ ಸಂಸ್ಥೆಯ ಒಬ್ಬರು. ಆ ಸಮಿತಿಯ ನಡವಳಿ ಕಡತದಲ್ಲಿ ಇರಲೇಬೇಕು, ಸದಸ್ಯರ ಭಿನ್ನಾಭಿಪ್ರಾಯವಿದ್ದರೆ ಅದೂ ಸೇರಿ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಇದೇ ಕೆಲಸವನ್ನು ಸಾಮಾನ್ಯ ಹಣಕಾಸು ನಿಯಮಗಳು, 2017ರ 166ನೆಯ ನಿಯಮ ಮಾಡುತ್ತದೆ. ಅಲ್ಲಿ ಏಕ ಟೆಂಡರಿಗೆ ಮೂರೇ ಸಂದರ್ಭಗಳು: ತಯಾರಕರು ಒಬ್ಬರೇ ಇರುವುದು, ತುರ್ತು, ಮತ್ತು ಈಗಿರುವ ಯಂತ್ರಗಳಿಗೆ ಹೊಂದುವ ಬಿಡಿಭಾಗಗಳ ಅಗತ್ಯ. ಮೊದಲನೆಯದಕ್ಕೆ ಅಧಿಕಾರಿ ಸಹಿ ಹಾಕುವ ಪ್ರಮಾಣಪತ್ರದ ನಮೂನೆಯಲ್ಲಿ, ಬೇರೆ ತಯಾರಿಕೆ ಅಥವಾ ಮಾದರಿ ಏಕೆ ಒಪ್ಪಿಗೆಯಾಗದು ಎಂಬ ಕಾರಣಗಳನ್ನು ತುಂಬಲೆಂದೇ ಜಾಗ ಬಿಟ್ಟಿದ್ದಾರೆ. ಆ ಜಾಗವನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದ ಪ್ರಮಾಣಪತ್ರಗಳನ್ನೂ ನಾನು ಕಂಡಿದ್ದೇನೆ.

ಬೆಲೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಸ್ಪರ್ಧೆಯಿಲ್ಲದ ಕಡೆ ಬೆಲೆ ನ್ಯಾಯವಾದದ್ದು ಎಂದು ಹೇಳುವ ಹೊಣೆ ಕೊಳ್ಳುವವರ ಮೇಲೆ ಬೀಳುತ್ತದೆ. ಇದೇ ಸರಕನ್ನು ಬೇರೆ ಸರ್ಕಾರಿ ಸಂಸ್ಥೆಗಳು ಯಾವ ದರಕ್ಕೆ ಕೊಂಡವು, ನಿಮ್ಮದೇ ಕಚೇರಿ ಹಿಂದೆ ಎಷ್ಟು ಕೊಟ್ಟಿತ್ತು, ಖಾಸಗಿಯವರಿಗೆ ಅದೇ ಸಂಸ್ಥೆ ಕೊಟ್ಟ ಇನ್‌ವಾಯ್ಸ್ ಏನು ಹೇಳುತ್ತದೆ, ದರಸಂಧಾನದಲ್ಲಿ ಯಾರು ಕುಳಿತಿದ್ದರು, ಎಷ್ಟು ಇಳಿಯಿತು ಎಂಬುದನ್ನೆಲ್ಲ ಪ್ರತಿಗಳ ಸಮೇತ ಇಡಿ. ವಾರ್ಷಿಕ ನಿರ್ವಹಣೆ, ಕಾರಕದ್ರವ್ಯ, ಬಿಡಿಭಾಗಗಳ ದರವನ್ನೂ ಆಗಲೇ ಬರೆಸಿಕೊಳ್ಳಿ. ಯಂತ್ರವನ್ನು ಅಗ್ಗಕ್ಕೆ ಕೊಟ್ಟು, ಅದಕ್ಕೆ ಸುರಿಯುವ ದ್ರಾವಣದಲ್ಲಿ ವರ್ಷಗಟ್ಟಲೆ ಲಾಭ ತೆಗೆಯುವುದು ಈ ವ್ಯಾಪಾರದ ಹಳೆಯ ದಾರಿ.

ಕೊನೆಯದಾಗಿ ದಿನಾಂಕ. ಸರಕು ಬಂದ ಮೇಲೆ ಕಡತ ಮಂಡಿಸಬೇಕಾಗಿ ಬಂದರೆ ‘ಘಟನೋತ್ತರ ಅನುಮೋದನೆ’ ಎಂದೇ ಸ್ಪಷ್ಟವಾಗಿ ಬರೆಯಿರಿ, ಹಿಂದಿನ ದಿನಾಂಕ ಹಾಕಬೇಡಿ. ನಿಜವಾದ ತುರ್ತಿನಲ್ಲಿ ಕಡತ ತಡವಾದರೆ ಲೆಕ್ಕ ಪರಿಶೋಧಕರು ಒಂದು ಆಕ್ಷೇಪಣೆ ಬರೆದು ವಿವರಣೆ ಕೇಳಿಯಾರು. ದಿನಾಂಕ ತಿದ್ದಿದರೆ ಅದು ಬೇರೆಯೇ ಬಗೆಯ ಪ್ರಕರಣವಾಗುತ್ತದೆ, ಮತ್ತು ಅದರಲ್ಲಿ ಮೊದಲು ಸಿಕ್ಕಿಬೀಳುವ ಕೈಬರಹ ವಿಷಯ ನಿರ್ವಾಹಕರದ್ದು. ಇ-ಆಫೀಸ್ ಬಂದ ಮೇಲೆ ಪ್ರತಿ ಚಲನೆಯ ಸಮಯವೂ ದಾಖಲಾಗುತ್ತದೆ ಎಂಬುದು ನಿಮಗೆ ರಕ್ಷಣೆಯೇ. ಮೌಖಿಕ ಸೂಚನೆ ಬಂದರೆ ‘ಇಂಥ ದಿನ ಮೌಖಿಕವಾಗಿ ಸೂಚಿಸಿರುವಂತೆ’ ಎಂದು ಟಿಪ್ಪಣಿಯ ಮೊದಲ ಸಾಲಿನಲ್ಲಿಯೇ ಸೇರಿಸಿ. ಇದರಿಂದ ಯಾರಿಗಾದರೂ ಮುನಿಸಾದರೆ, ಆ ಮುನಿಸಿನ ಅರ್ಥವೇನೆಂದು ನೀವೇ ಊಹಿಸಬಲ್ಲಿರಿ.

ಪ್ರಶ್ನೆ: ನಾನು ಸರ್ಕಾರಕ್ಕೆ ಪ್ರಯೋಗಾಲಯದ ಸಾಮಗ್ರಿ ಪೂರೈಸುವವನು. ನನ್ನ ದರವನ್ನು ಯಾರೋ ಮಾಹಿತಿ ಹಕ್ಕಿನಲ್ಲಿ ಕೇಳಿದ್ದಾರೆಂದು ನೋಟಿಸ್ ಬಂದಿದೆ. ಅದು ನನ್ನ ವ್ಯಾಪಾರದ ಗುಟ್ಟಲ್ಲವೇ?

ಉತ್ತರ: ನಿಮಗೆ ಬಂದಿರುವುದು 11ನೆಯ ಪ್ರಕರಣದ ನೋಟಿಸ್. ಮೂರನೆಯ ವ್ಯಕ್ತಿ ಗೋಪ್ಯವೆಂದು ಭಾವಿಸಿ ಕೊಟ್ಟ ಮಾಹಿತಿಯನ್ನು ಹೊರಗೆ ಕೊಡಲು ಉದ್ದೇಶಿಸಿದಾಗ ಸಾರ್ವಜನಿಕ ಮಾಹಿತಿ ಅಧಿಕಾರಿ ಅರ್ಜಿ ಬಂದ 5 ದಿನಗಳಲ್ಲಿ ತಿಳಿಸಬೇಕು, ನೋಟಿಸ್ ತಲುಪಿದ 10 ದಿನಗಳಲ್ಲಿ ನೀವು ಅಹವಾಲು ಸಲ್ಲಿಸಬಹುದು, ಅರ್ಜಿ ಬಂದ 40 ದಿನಗಳೊಳಗೆ ಅಧಿಕಾರಿ ತೀರ್ಮಾನಿಸಬೇಕು. ಅಹವಾಲು ಹೇಳಿಕೊಳ್ಳುವ ಹಕ್ಕು ನಿಮ್ಮದು. ಬೇಡವೆಂದು ತಡೆಯುವ ಅಧಿಕಾರ ನಿಮ್ಮದಲ್ಲ.

8(1)(ಡಿ) ವಾಣಿಜ್ಯ ವಿಶ್ವಾಸ, ವ್ಯಾಪಾರ ರಹಸ್ಯ, ಬೌದ್ಧಿಕ ಆಸ್ತಿಗಳನ್ನು ರಕ್ಷಿಸುತ್ತದೆ, ಆದರೆ ಬಹಿರಂಗವಾದರೆ ನಿಮ್ಮ ಸ್ಪರ್ಧಾ ಸ್ಥಾನಕ್ಕೆ ಹಾನಿಯಾಗುವಂತಿದ್ದಾಗ ಮಾತ್ರ, ಅದೂ ವಿಶಾಲ ಸಾರ್ವಜನಿಕ ಹಿತ ಬಹಿರಂಗವನ್ನು ಬಯಸದಿದ್ದಾಗ ಮಾತ್ರ. ದ್ರಾವಣದ ಮಿಶ್ರಣದ ಪ್ರಮಾಣ ಗುಟ್ಟಾಗಬಹುದು. ಖಜಾನೆಯಿಂದ ನಿಮಗೆ ಒಂದು ಡಬ್ಬಿಗೆ ಎಷ್ಟು ಹಣ ಬಂತೆಂಬುದು, ಕರಾರು ಮುಗಿದು ಬಿಲ್ಲು ಪಾವತಿಯಾದ ಮೇಲೆ, ಗುಟ್ಟು ಎಂದು ಸಾಧಿಸುವುದು ಬಲು ಕಷ್ಟ. ಟೆಂಡರಿನಲ್ಲಾದರೆ ನಿಮ್ಮ ದರವನ್ನು ಎಲ್ಲ ಸ್ಪರ್ಧಿಗಳ ಎದುರು ತೆರೆಯುತ್ತಿದ್ದರು. ಟೆಂಡರ್ ತಪ್ಪಿದ ಮಾತ್ರಕ್ಕೆ ಅದಕ್ಕಿಂತ ಹೆಚ್ಚಿನ ಮರೆ ಕೇಳುವುದು ಸರಿಯೆನಿಸದು. ಅಧಿಕಾರಿಗೂ ಒಂದು ಮಾತು: ಒಂದು ಪುಟದಲ್ಲಿ ಗುಟ್ಟಿದೆಯೆಂದು ಇಡೀ ಕಡತವನ್ನು ತಡೆಯುವಂತಿಲ್ಲ. 10ನೆಯ ಪ್ರಕರಣದಂತೆ ಆ ಭಾಗವನ್ನು ಬೇರ್ಪಡಿಸಿ, ಏಕೆ ಬೇರ್ಪಡಿಸಿದೆ ಎಂದು ತಿಳಿಸಿ, ಉಳಿದದ್ದನ್ನು ಕೊಡಬೇಕು.

ಪ್ರಶ್ನೆ: ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದಿದೆ. ಮುಂದೇನು?

ಉತ್ತರ: ಲಭ್ಯವಿಲ್ಲ ಎಂಬುದು ಮಾಹಿತಿ ನಿರಾಕರಿಸಲು ಮಾಹಿತಿ ಹಕ್ಕು ಅಧಿನಿಯಮದ 8ನೆಯ ಪ್ರಕರಣದಲ್ಲಿ ಹೇಳಿರುವ ಕಾರಣಗಳಲ್ಲಿ ಒಂದಲ್ಲ. ದೆಹಲಿ ಹೈಕೋರ್ಟ್ 2013ರಲ್ಲಿ ವಿಶ್ವಾಸ್ ಭಂಬೂರ್ಕರ್ ಪ್ರಕರಣದಲ್ಲಿ, ಹಿಂದೆ ಕಚೇರಿಯಲ್ಲಿದ್ದ ಮಾಹಿತಿ ಈಗ ಸಿಗುತ್ತಿಲ್ಲವೆಂದರೆ ಪೂರ್ಣ ಪ್ರಯತ್ನ ಮಾಡಿ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ಗೊತ್ತುಮಾಡಬೇಕು ಎಂಬ ನಿಲುವು ತಳೆದಿದೆ. 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ, ಅದರಲ್ಲಿ ಎರಡು ವಿಷಯ ಕೇಳಿ: ಕಡತಕ್ಕೆ ಯಾವ ವರ್ಗ ನಮೂದಿಸಲಾಗಿತ್ತು (ಎ, ಬಿ, ಸಿ ಎಂದು ಬರೆಯುವ ಆ ಒಂದು ಅಕ್ಷರವೇ ಅದರ ಆಯುಷ್ಯವನ್ನು ಹೇಳುತ್ತದೆ), ಮತ್ತು ನಾಶಪಡಿಸಿದ್ದರೆ ನಾಶದ ಆದೇಶ ಎಲ್ಲಿದೆ. ರಾಜ್ಯಕ್ಕೆ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೇ ಇದೆ. ದಾಖಲೆ ಸಾಯುವುದಕ್ಕೂ ದಾಖಲೆ ಬೇಕು. ಕೇಳಿದ ಮಾಹಿತಿಯನ್ನು ಕೇಳಿದ ಮೇಲೆ ನಾಶಪಡಿಸಿದ್ದರೆ ಅದು ಮಾಹಿತಿ ಹಕ್ಕು ಅಧಿನಿಯಮದ 20ನೆಯ ಪ್ರಕರಣದ ದಂಡಕ್ಕೆ ಗುರಿ: ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ. ಕಡತ ಕಳೆದರೂ ಅದರ ತುಣುಕುಗಳು ಬೇರೆಡೆ ಬದುಕಿರುತ್ತವೆ. ಬಿಲ್ಲಿನ ಪ್ರತಿ ಖಜಾನೆಯಲ್ಲಿ, ಸಹಮತಿಯ ಕಡತ ಆರ್ಥಿಕ ಇಲಾಖೆಯಲ್ಲಿ, ನಮೂದು ದಾಸ್ತಾನು ವಹಿಯಲ್ಲಿ.

ಪ್ರಶ್ನೆ: ಬೇರೆ ದೇಶಗಳಲ್ಲಿ ಇಂಥ ಖರೀದಿಯ ಕಾರಣವನ್ನು ಕೇಳದೆಯೇ ಪ್ರಕಟಿಸುತ್ತಾರಂತೆ. ಹೌದೇ?

ಉತ್ತರ: ಕೆಲವೆಡೆ ಹೌದು. ಅಮೆರಿಕದಲ್ಲಿ 1984ರ ಕಾಯ್ದೆಯಿಂದಲೂ ಒಕ್ಕೂಟ ಸರ್ಕಾರದ ಸ್ಪರ್ಧೆರಹಿತ ಕರಾರಿಗೆ ಲಿಖಿತ ಸಮರ್ಥನೆ ಕಡ್ಡಾಯ, ಈಗ ಆ ಸಮರ್ಥನೆಯನ್ನು ಸಾಮಾನ್ಯವಾಗಿ ಕರಾರು ಕೊಟ್ಟ 14 ದಿನಗಳಲ್ಲಿ, ತುರ್ತಿನ ಕರಾರಾದರೆ 30 ದಿನಗಳಲ್ಲಿ ಜಾಲತಾಣದಲ್ಲಿ ಹಾಕಬೇಕು. ವಿಶ್ವ ವ್ಯಾಪಾರ ಸಂಘಟನೆಯ ಸರ್ಕಾರಿ ಖರೀದಿ ಒಪ್ಪಂದವು ಇಂಥ ಪ್ರತಿ ಕರಾರಿಗೂ ಲಿಖಿತ ವರದಿ ಕೇಳುತ್ತದೆ ಮತ್ತು ದಾಖಲೆಗಳನ್ನು ಕನಿಷ್ಠ 3 ವರ್ಷ ಇಡಬೇಕೆನ್ನುತ್ತದೆ. ಭಾರತ ಅದರ ಸದಸ್ಯ ಅಲ್ಲ. ನನಗೆ ಹೆಚ್ಚು ಹಿಡಿಸಿದ್ದು ಸ್ಲೊವಾಕಿಯದ ದಾರಿ. 2011ರಿಂದ ಅಲ್ಲಿ ಸರ್ಕಾರಿ ಕರಾರು ಪ್ರಕಟವಾದ ಮೇಲೆಯೇ ಜಾರಿಗೆ ಬರುತ್ತದೆ, ಮೂರು ತಿಂಗಳಲ್ಲಿ ಪ್ರಕಟವಾಗದಿದ್ದರೆ ಕರಾರೇ ಆಗಿಲ್ಲ ಎಂದು ಲೆಕ್ಕ. ಹಣ ಬೇಕಾದ ಪೂರೈಕೆದಾರನೇ ‘ಪ್ರಕಟಿಸಿ’ ಎಂದು ಕಚೇರಿಯ ಬಾಗಿಲು ತಟ್ಟುತ್ತಾನೆ.

ನಿಯಮವಿದ್ದರೂ ತಪ್ಪುವುದುಂಟು. ಕೋವಿಡ್ ಕಾಲದಲ್ಲಿ ಬ್ರಿಟನ್ ಸರ್ಕಾರ 2020ರ ಜುಲೈ ಅಂತ್ಯದವರೆಗೆ ಕೊಟ್ಟ ಸುಮಾರು 18 ಬಿಲಿಯನ್ ಪೌಂಡ್ ಮೊತ್ತದ ಕರಾರುಗಳಲ್ಲಿ 10.5 ಬಿಲಿಯನ್ ಪೌಂಡಿನಷ್ಟು ಸ್ಪರ್ಧೆಯಿಲ್ಲದೆ ನೇರವಾಗಿ ಹೋಗಿದ್ದವು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ ವರದಿ ಮಾಡಿತು. 30 ದಿನಗಳಲ್ಲಿ ಪ್ರಕಟಿಸಬೇಕಾದ ಕರಾರಿನ ಸೂಚನೆಗಳನ್ನು ಆರೋಗ್ಯ ಇಲಾಖೆ ಸಕಾಲಕ್ಕೆ ಪ್ರಕಟಿಸದಿದ್ದದ್ದು ಕಾನೂನುಬಾಹಿರ ಎಂದು 2021ರ ಫೆಬ್ರವರಿಯಲ್ಲಿ ಲಂಡನ್ನಿನ ಹೈಕೋರ್ಟ್ ತೀರ್ಪು ಕೊಟ್ಟಿತು.

ನಮ್ಮಲ್ಲಿಯೂ ಬೀಜಗಳಿವೆ. ನಾಮನಿರ್ದೇಶನದ ಮೂಲಕ ಕೆಲಸ ಕೊಡುವುದು ಅಪರೂಪದ ಸಂದರ್ಭಗಳಿಗೆ ಮೀಸಲಾಗಿರಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಮೀರತ್ ನಗರ ನಿಗಮದ ಪ್ರಕರಣದಲ್ಲಿ ಹೇಳಿದ ಮೇಲೆ, ಕೇಂದ್ರ ಜಾಗೃತ ಆಯೋಗ 2007ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ, ಸಾರ್ವಜನಿಕ ಉದ್ದಿಮೆಗಳು ಹೀಗೆ ಕೊಟ್ಟ ಕೆಲಸಗಳ ವರದಿಯನ್ನು ಪ್ರತಿ ತ್ರೈಮಾಸಿಕದಲ್ಲಿ ಆಡಳಿತ ಮಂಡಳಿಯ ಮುಂದಿಡಬೇಕು, ಕನಿಷ್ಠ ಶೇ. 10ರಷ್ಟನ್ನು ಲೆಕ್ಕ ಪರಿಶೋಧನಾ ಸಮಿತಿ ಪರೀಕ್ಷಿಸಬಹುದು ಎಂದಿತು. ಮಾಹಿತಿ ಹಕ್ಕು ಅಧಿನಿಯಮದ 4(1)(ಡಿ) ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನು ಬಾಧಿತರಿಗೆ ಕೊಡಬೇಕೆನ್ನುತ್ತದೆ. ಇಷ್ಟಿದ್ದೂ, ಕಾರಣದ ಟಿಪ್ಪಣಿಯನ್ನು ಇಂತಿಷ್ಟು ದಿನಗಳಲ್ಲಿ ಜಾಲತಾಣಕ್ಕೆ ಹಾಕಬೇಕೆಂಬ ಒಂದು ಸಾಲು ಕೆಟಿಪಿಪಿ ಕಾಯ್ದೆಯ 4ನೆಯ ಪ್ರಕರಣಕ್ಕೆ ಸೇರಿದರೆ ಈ ಅಂಕಣಕ್ಕೆ ಬರುವ ಪತ್ರಗಳು ಅರ್ಧಕ್ಕಿಳಿದಾವು.

ಪ್ರಶ್ನೆ: ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು ಎನ್ನುತ್ತಾರೆ. ಇಷ್ಟೆಲ್ಲ ದಾಖಲೆಯನ್ನು ಹೇಗೆ ಕೇಳುವುದು?

ಉತ್ತರ: ನಿಯಮ ಹಾಗೆಯೇ ಇದೆ, ಆದರೆ ಒಂದು ಖರೀದಿ ಎಂದರೆ ಒಂದೇ ವಿಷಯ. ‘ಏಕೆ ಟೆಂಡರ್ ಕರೆಯಲಿಲ್ಲ’ ಎಂದು ಕೇಳಬೇಡಿ. ಅದು ಅಭಿಪ್ರಾಯ ಕೇಳಿದಂತಾಗಿ, ‘ಮಾಹಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ. ಟಿಪ್ಪಣಿ ಹಾಳೆ ಕೊಡುವಂತಿಲ್ಲ ಎಂದರೆ ಒಪ್ಪಬೇಡಿ. ಅದು ಕೂಡ ಮಾಹಿತಿಯೇ ಎಂದು ಕೇಂದ್ರ ಮಾಹಿತಿ ಆಯೋಗ 2006ರಲ್ಲಿಯೇ ಹೇಳಿದೆ. ಮೊದಲ ಪತ್ರ ಬರೆದ ಶಿಕ್ಷಕರೂ ನಮೂನೆ ‘ಎ’ಯಲ್ಲಿ, 10 ರೂಪಾಯಿ ಶುಲ್ಕದೊಂದಿಗೆ, ಹೀಗೆ ಬರೆಯಬಹುದು:

‘ದಿನಾಂಕ ___ರಂದು ತಮ್ಮ ಕಚೇರಿ ಖರೀದಿಸಿದ ___ ಯಂತ್ರಕ್ಕೆ ಸಂಬಂಧಿಸಿದ ಕಡತದ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ನೀಡುವುದು: ಬೇಡಿಕೆ ಪತ್ರ, ಕೆಟಿಪಿಪಿ ಕಾಯ್ದೆಯ 4ನೆಯ ಪ್ರಕರಣದ ಯಾವ ಖಂಡದಡಿ ವಿನಾಯಿತಿ ಪಡೆಯಲಾಗಿದೆಯೋ ಆ ಆದೇಶ ಅಥವಾ ಅಧಿಸೂಚನೆ, ತಜ್ಞರ ಸಮಿತಿ ರಚಿಸಿದ್ದಲ್ಲಿ ಅದರ ನಡವಳಿ, ಟಿಪ್ಪಣಿ ಹಾಳೆಗಳು, ದರಸಂಧಾನದ ನಡವಳಿ, ಖರೀದಿ ಆದೇಶ ಮತ್ತು ಅದರ ತಿದ್ದುಪಡಿಗಳು, ದಾಸ್ತಾನು ವಹಿಯ ಸಂಬಂಧಿತ ಪುಟ, ಬಿಲ್ಲು. ಪ್ರತಿ ಪಡೆಯುವ ಮೊದಲು ಮೂಲ ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ಮತ್ತು ಸಮಯವನ್ನು ತಿಳಿಸುವುದು.’

ಕೊನೆಯ ವಾಕ್ಯವನ್ನು ಬಿಡಬೇಡಿ. ಕಡತ ಎದುರಿಗೆ ಬಂದ ದಿನ ಮೊದಲು ದಾಸ್ತಾನು ವಹಿಯ ದಿನಾಂಕವನ್ನು ಬರೆದುಕೊಳ್ಳಿ, ಆಮೇಲೆ ಟಿಪ್ಪಣಿಯ ದಿನಾಂಕ ನೋಡಿ.